ವಾರಕ್ಕೊಂದು ನಕ್ಷತ್ರ

ಎಂಟರ್‌ಪ್ರೈಸ್ ನೌಕೆಯ ಕ್ಯಾಪ್ಟನ್ ಕರ್ಕ್ ತನ್ನ ಕುರ್ಚಿಯಲ್ಲಿ ಕೂತು ‘ವಾರ್ಪ್ 6’ ಎಂದು ಆಜ್ಞೆ ಕೊಟ್ಟರೆ ನೌಕೆ ಬೆಳಕಿನ 216 ಪಟ್ಟು ವೇಗದಲ್ಲಿ ಹೊರಡುತ್ತದೆ. ‘ಸ್ಟಾರ್ ಟ್ರೆಕ್’ ಧಾರಾವಾಹಿಗೆ ಕಥೆ ಬರೆಯುವವರ ಕೈಗೆ ಕೊಡುತ್ತಿದ್ದ ಕೈಪಿಡಿಯಲ್ಲೇ ಈ ಲೆಕ್ಕ ಇತ್ತು. ವಾರ್ಪ್ ಸಂಖ್ಯೆಯ ಘನ ತೆಗೆದರೆ ಬಂದದ್ದೇ ವೇಗ. ವಾರ್ಪ್ 1 ಅಂದರೆ ಬೆಳಕಿನ ವೇಗ, 2 ಅಂದರೆ ಅದರ 8 ಪಟ್ಟು, 3 ಅಂದರೆ 27 ಪಟ್ಟು. ಅಪಾಯವಿಲ್ಲದೆ ಓಡಬಹುದಾದ ಮಿತಿ 6. ಪ್ರಾಣಸಂಕಟ ಬಂದಾಗ 8ಕ್ಕೆ ಏರಿಸಬಹುದು. ಅದು 512 ಪಟ್ಟು.

ಸೂರ್ಯನನ್ನು ಬಿಟ್ಟರೆ ನಮಗೆ ತೀರ ಹತ್ತಿರದ ನಕ್ಷತ್ರ ಪ್ರಾಕ್ಸಿಮಾ ಸೆಂಟಾರಿ. ಅಲ್ಲಿಂದ ಹೊರಟ ಬೆಳಕು ಇಲ್ಲಿಗೆ ತಲುಪಲು 4.24 ವರ್ಷ ಬೇಕು. ಅದನ್ನು 216ರಿಂದ ಭಾಗಿಸಿ, ದಿನಗಳಿಗೆ ಇಳಿಸಿ ನೋಡಿ. ಏಳು ದಿನ, ನಾಲ್ಕು ಗಂಟೆ.

ಧಾರಾವಾಹಿ ಬರುತ್ತಿದ್ದದ್ದು ವಾರಕ್ಕೊಂದು ಕಂತು! ಈ ವಾರದ ಕಂತು ಮುಗಿದ ಗಳಿಗೆಯಲ್ಲಿ ನೌಕೆ ಒಂದು ನಕ್ಷತ್ರವನ್ನು ಬಿಟ್ಟು ಹೊರಟರೆ, ಮುಂದಿನ ವಾರ ನಾವು ಮತ್ತೆ ಟಿ.ವಿ. ಮುಂದೆ ಕೂರುವ ಹೊತ್ತಿಗೆ ಪಕ್ಕದ ನಕ್ಷತ್ರಕ್ಕೆ ಮುಟ್ಟಿರುತ್ತದೆ. ಇದು ಕಾಕತಾಳೀಯವೇ ಇರಬೇಕು. ಆದರೂ ಈ ಲೆಕ್ಕ ಹಾಕಿದ ಮೇಲೆ ಆ ಧಾರಾವಾಹಿಯ ಮೇಲೆ ನನಗೆ ಮೊದಲೇ ಇದ್ದ ಪ್ರೀತಿ ಇಮ್ಮಡಿಯಾಯಿತು. ಪರದೆಯ ಮೇಲೆ ನಕ್ಷತ್ರಗಳು ಎಡಬಲಕ್ಕೆ ಸರಸರನೆ ಸರಿದುಹೋಗುವುದನ್ನು ನೋಡಿ ನಾವು ಬೆಳೆದವರು. ಅಷ್ಟು ಭಯಂಕರ ವೇಗದಲ್ಲೂ ನಿಜವಾದ ಆಕಾಶದಲ್ಲಿ ಹಾಗೆ ಸರಿಯಲಾರವು. ಒಂದು ನಕ್ಷತ್ರ ದಾಟಿದ ಮೇಲೆ ಇನ್ನೊಂದು ಸಿಗಲು ಒಂದು ವಾರ ಕತ್ತಲಲ್ಲಿ ಓಡಬೇಕು.

ನಮ್ಮ ಕೈಯಲ್ಲಿ ನಿಜಕ್ಕೂ ಏನಿದೆ ಎಂಬುದನ್ನು ಪಕ್ಕದಲ್ಲಿ ಇಟ್ಟರೆ ಆ 216ರ ಬೆಲೆ ಗೊತ್ತಾಗುತ್ತದೆ. 1977ರ ಸೆಪ್ಟೆಂಬರ್ 5ರಂದು ಹೊರಟ ವಾಯೇಜರ್ 1, ಮನುಷ್ಯ ಕಳಿಸಿದ ವಸ್ತುಗಳಲ್ಲೆಲ್ಲ ಅತಿ ದೂರ ಹೋಗಿರುವುದು. ಸೆಕೆಂಡಿಗೆ ಸುಮಾರು 17 ಕಿ.ಮೀ. ಓಡುತ್ತದೆ, ಅಂದರೆ ಬೆಂಗಳೂರಿನಿಂದ ಮೈಸೂರಿಗೆ ಎಂಟು ಒಂಬತ್ತು ಸೆಕೆಂಡು. ಬೆಳಕು ಒಂದೇ ದಿನದಲ್ಲಿ ಕ್ರಮಿಸುವ 2,590 ಕೋಟಿ ಕಿ.ಮೀ. ದೂರವನ್ನು ಮುಗಿಸಲು ಅದಕ್ಕೆ ಹಿಡಿಯುವ ಕಾಲ 49 ವರ್ಷ. ಪ್ರಾಕ್ಸಿಮಾದಷ್ಟು ದೂರ ಹೋಗಬೇಕಾದರೆ ಸುಮಾರು 75,000 ವರ್ಷ. ಪೂಜೆಗೆ ಕೂತಾಗ ಪುರೋಹಿತರು ಸಂಕಲ್ಪದಲ್ಲಿ ಹೇಳುವ ಕಲಿಯುಗ ಶುರುವಾಗಿ ಪಂಚಾಂಗದ ಪ್ರಕಾರ 5,100 ವರ್ಷ ಚಿಲ್ಲರೆ ಆಗಿದೆ ಅಷ್ಟೆ. ಅಂಥ ಹದಿನಾಲ್ಕು ಅವಧಿಗಳನ್ನು ಒಂದರ ಹಿಂದೆ ಒಂದು ಜೋಡಿಸಿದರೂ ವಾಯೇಜರ್ ಇನ್ನೂ ದಾರಿಯಲ್ಲೇ ಇರುತ್ತದೆ. ಎಂಟರ್‌ಪ್ರೈಸ್ ಮಾತ್ರ ಏಳು ದಿನದಲ್ಲಿ ಮುಟ್ಟಿ, ಗ್ರಹಕ್ಕೊಂದು ಸುತ್ತು ಹಾಕಿ ನಿಂತಿರುತ್ತದೆ.

‘ಸ್ಟಾರ್ ಟ್ರೆಕ್’ ಅಮೆರಿಕದ ಎನ್‌ಬಿಸಿ ವಾಹಿನಿಯಲ್ಲಿ ಶುರುವಾದದ್ದು 1966ರ ಸೆಪ್ಟೆಂಬರ್ 8ರಂದು. ಕೊನೆಯ ಹೊಸ ಕಂತು ಬಂದದ್ದು 1969ರ ಜೂನ್ 3ರಂದು. ಅದಾಗಿ 47 ದಿನಕ್ಕೆ ಆರ್ಮ್‌ಸ್ಟ್ರಾಂಗ್ ಚಂದ್ರನ ಮೇಲೆ ಕಾಲಿಟ್ಟರು. ಮನುಷ್ಯ ಇನ್ನೂ ಚಂದ್ರನನ್ನು ಮುಟ್ಟದ ಕಾಲದಲ್ಲಿ ಶುರುವಾಗಿ, ಮುಟ್ಟುವ ಮುಂಚೆಯೇ ಮುಗಿದುಹೋದ ಧಾರಾವಾಹಿ ಇದು. ಒಟ್ಟು 79 ಕಂತು. ಜಾಹೀರಾತು ತೆಗೆದರೆ ಒಂದೊಂದು 50 ನಿಮಿಷ. ಊಟ ನಿದ್ದೆ ಬಿಟ್ಟು ಒಂದೇ ಸಮನೆ ನೋಡಿದರೆ 66 ಗಂಟೆ, ಮೂರು ದಿನವೂ ಆಗುವುದಿಲ್ಲ. ಆ ಬೀಜದಿಂದ ಹುಟ್ಟಿದ ಮುಂದಿನ ಧಾರಾವಾಹಿಗಳನ್ನೂ ಸೇರಿಸಿದರೆ ಇಂದಿಗೆ ಒಂಬೈನೂರಕ್ಕೂ ಹೆಚ್ಚು ಕಂತುಗಳಾಗಿವೆ.

ನಮ್ಮಲ್ಲಿಗೆ ಅದು ಬಂದದ್ದು 1980ರ ದಶಕದಲ್ಲಿ, ದೂರದರ್ಶನದಲ್ಲಿ, ಭಾನುವಾರದ ಬೆಳಿಗ್ಗೆ. ಅಮೆರಿಕದಲ್ಲಿ ಅದನ್ನು ಬಣ್ಣದಲ್ಲಿ ತೆಗೆದಿದ್ದರು. ನೌಕೆಯಲ್ಲಿ ಅಧಿಕಾರಿಗಳ ಅಂಗಿ ಹೊಂಬಣ್ಣ, ನೀಲಿ, ಕೆಂಪು ಎಂದು ಇಲಾಖೆವಾರು ಇದ್ದದ್ದು ಅದಕ್ಕೇ, ಬಣ್ಣದ ಟಿ.ವಿ. ಮಾರುವ ಉತ್ಸಾಹದ ಕಾಲ ಅದು. ನಮ್ಮ ಬೀದಿಯ ಕಪ್ಪುಬಿಳುಪು ಸೆಟ್ಟಿನಲ್ಲಿ ಕರ್ಕ್, ಸ್ಪಾಕ್, ಡಾಕ್ಟರ್ ಮೆಕಾಯ್ ಎಲ್ಲರ ಅಂಗಿಯೂ ಬೂದಿಬಣ್ಣವೇ. ಇಂಗ್ಲಿಷ್ ಸಂಭಾಷಣೆಯಲ್ಲಿ ಮುಕ್ಕಾಲು ಪಾಲು ತಲೆಯ ಮೇಲೇ ಹೋಗುತ್ತಿತ್ತು. ಆದರೆ ಸ್ಪಾಕ್‌ನ ಒಂದು ಹುಬ್ಬು ಮೇಲೇರಿದರೆ ಏನೋ ಲೆಕ್ಕ ತಪ್ಪಿದೆ ಎಂದು ಮನೆಯವರಿಗೆಲ್ಲ ಗೊತ್ತಾಗುತ್ತಿತ್ತು. ಆ ಮುಖದಲ್ಲಿ ಲಿಯೊನಾರ್ಡ್ ನಿಮಾಯ್ ಮಾಡಿ ತೋರಿಸಿದ ಸಂಯಮದ ಅಭಿನಯವನ್ನು ನಾನು ಇಂದಿಗೂ ದೊಡ್ಡ ನಟನೆ ಎಂದೇ ಎಣಿಸುತ್ತೇನೆ.

ಇಷ್ಟು ದೊಡ್ಡ ಬ್ರಹ್ಮಾಂಡವನ್ನು ಅವರು ಕಟ್ಟಿದ್ದು ಎಷ್ಟರಲ್ಲಿ? ಒಂದು ಕಂತಿನ ಚಿತ್ರೀಕರಣಕ್ಕೆ ಆರು ದಿನ. ಮೊದಲ ವರ್ಷ ಕಂತೊಂದಕ್ಕೆ ಸುಮಾರು 1.9 ಲಕ್ಷ ಡಾಲರ್ ಸಿಕ್ಕಿತು; ಮೂರನೆಯ ವರ್ಷದ ಹೊತ್ತಿಗೆ ಅದನ್ನೂ ಕಡಿಮೆ ಮಾಡಿದರು. ಕಥೆಯಲ್ಲಿ ಎಂಟರ್‌ಪ್ರೈಸ್ 289 ಮೀಟರ್ ಉದ್ದದ ನೌಕೆ, ಒಳಗೆ 430 ಜನ. ಕ್ಯಾಮೆರಾ ಮುಂದಿದ್ದ ದೊಡ್ಡ ಮಾದರಿಯ ಉದ್ದ 3.4 ಮೀಟರ್. ಮರ, ಪ್ಲಾಸ್ಟಿಕ್, ತಗಡು ಸೇರಿಸಿ ಮಾಡಿದ್ದು. ಅಂದರೆ ನಿಜದ 85ನೇ ಒಂದು ಭಾಗ. ಆ ಅಳತೆಯಲ್ಲಿ ಕರ್ಕ್‌ನನ್ನು ಮಾಡಿ ಒಳಗೆ ನಿಲ್ಲಿಸಿದ್ದರೆ ಎರಡು ಸೆಂಟಿಮೀಟರ್ ಎತ್ತರ ಇರುತ್ತಿದ್ದ.

ಈ ಮಾದರಿ ಈಗ ವಾಷಿಂಗ್ಟನ್‌ನ ಸ್ಮಿತ್ಸೋನಿಯನ್ ವಾಯು ಮತ್ತು ಬಾಹ್ಯಾಕಾಶ ಸಂಗ್ರಹಾಲಯದಲ್ಲಿದೆ. ಅದನ್ನು ಬಲಗಡೆಯಿಂದ ನೋಡಿದರೆ ನಾವು ಕಂಡ ನೌಕೆಯೇ: ಕಿಟಕಿಗಳಲ್ಲಿ ಬೆಳಕು, ಮೈಮೇಲೆ ಅಕ್ಷರ, ಅಂಕಿ. ಎಡಗಡೆಗೆ ಸುತ್ತಿ ಬಂದರೆ ಆ ಅಲಂಕಾರ ಅರ್ಧಕ್ಕೇ ನಿಂತಿದೆ. ಒಳಗಿನ ದೀಪಗಳಿಗೆ ವಿದ್ಯುತ್ ತಂತಿಗಳು ಆ ಬದಿಯಿಂದಲೇ ಹೋಗಬೇಕಿತ್ತು, ಹಾಗಾಗಿ ಆ ಬದಿಯನ್ನು ಕ್ಯಾಮೆರಾಕ್ಕೆ ತೋರಿಸುವಂತಿರಲಿಲ್ಲ. ನೌಕೆ ಇನ್ನೊಂದು ದಿಕ್ಕಿಗೆ ಹೋಗುವ ದೃಶ್ಯ ಬೇಕಾದಾಗ ಅಕ್ಷರಗಳನ್ನು ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿ ಅಂಟಿಸಿ, ಚಿತ್ರ ತೆಗೆದು, ಆಮೇಲೆ ಫಿಲ್ಮನ್ನೇ ಮಗುಚುತ್ತಿದ್ದರು. ಮೂರು ವರ್ಷ ನಕ್ಷತ್ರಗಳ ನಡುವೆ ಓಡಾಡಿದ ಆ ನೌಕೆಗೆ ತೋರಿಸಲು ಇದ್ದದ್ದು ಒಂದೇ ಮಗ್ಗುಲು.

ಡಾಕ್ಟರ್ ಮೆಕಾಯ್ ರೋಗಿಯ ಮೈಮೇಲೆ ಆಡಿಸುತ್ತಿದ್ದ ಉಪಕರಣಗಳಲ್ಲಿ ಕೆಲವು ಊಟದ ಮೇಜಿನ ಉಪ್ಪಿನ ಕುಡಿಕೆಗಳು. ಒಂದು ಕಂತಿಗೆ ಹೊಸ ವಿನ್ಯಾಸದ ಕುಡಿಕೆಗಳನ್ನು ತಂದಿದ್ದರು. ತೀರ ವಿಚಿತ್ರವಾಗಿವೆ, ಇವು ಉಪ್ಪಿನ ಕುಡಿಕೆ ಎಂದು ನೋಡುವವರಿಗೆ ತಿಳಿಯುವುದೇ ಇಲ್ಲ ಎನಿಸಿದಾಗ ಅವನ್ನು ಇಪ್ಪತ್ತಮೂರನೆಯ ಶತಮಾನದ ವೈದ್ಯಕೀಯಕ್ಕೆ ವರ್ಗಾಯಿಸಿದರು. ಕೈ ಬಿಗಿಹಿಡಿದಾಗ ಹುಟ್ಟುವ ಕಲ್ಪನೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಟ್ರಾನ್ಸ್‌ಪೋರ್ಟರ್ ಹುಟ್ಟಿದ್ದೂ ಹಾಗೆಯೇ. ಪ್ರತಿ ವಾರ ಒಂದು ದೊಡ್ಡ ನೌಕೆಯನ್ನು ಹೊಸ ಗ್ರಹದ ಮೇಲೆ ಇಳಿಸಿ ತೋರಿಸಲು ಹಣವೂ ಇರಲಿಲ್ಲ, ಸಮಯವೂ ಇರಲಿಲ್ಲ. ಹಾಗಾಗಿ ಧಾರಾವಾಹಿಯ ಜನಕ ಜೀನ್ ರಾಡನ್‌ಬೆರಿ ಮತ್ತು ಅವರ ತಂಡ, ನೌಕೆ ಮೇಲೆಯೇ ಇರಲಿ, ಮನುಷ್ಯರು ಮಾತ್ರ ಮಿನುಗಿ ಮಾಯವಾಗಿ ಕೆಳಗೆ ಪ್ರತ್ಯಕ್ಷವಾಗಲಿ ಎಂದು ತೀರ್ಮಾನಿಸಿದರು. ಆ ಮಿನುಗು ಬೆಳಕಿನಲ್ಲಿ ಉದುರುವ ಅಲ್ಯೂಮಿನಿಯಂ ಪುಡಿ.

ದುಡ್ಡು ಉಳಿಸಲು ಹುಡುಕಿದ ಈ ದಾರಿಗೆ ಪ್ರಕೃತಿ ಕೇಳುವ ಬೆಲೆ ಎಷ್ಟು ನೋಡಿ. 70 ಕಿಲೋ ತೂಗುವ ಮನುಷ್ಯನ ದೇಹದಲ್ಲಿ ಎಷ್ಟು ಪರಮಾಣುಗಳಿವೆ ಎಂದು ಕೋಟಿಗಳಲ್ಲಿ ಹೇಳಲು ಹೋದರೆ ನಾಲಿಗೆ ಸೋಲುತ್ತದೆ. 7 ಬರೆದು ಮುಂದೆ 27 ಸೊನ್ನೆ ಇಡಿ, ಅಷ್ಟು ಪರಮಾಣುಗಳಿವೆ. ಅವನ್ನು ಬಿಚ್ಚುವುದು, ಸಾಗಿಸುವುದು, ಮತ್ತೆ ಜೋಡಿಸುವುದು ಹಾಗಿರಲಿ, ಸುಮ್ಮನೆ ಎಣಿಸೋಣ. ಸೆಕೆಂಡಿಗೆ ಒಂದು ಕೋಟಿಯಂತೆ, ಹಗಲೂ ರಾತ್ರಿ ಬಿಡದೆ ಎಣಿಸಿದರೆ 22 ಲಕ್ಷ ಕೋಟಿ ವರ್ಷ ಬೇಕು. ವಿಶ್ವಕ್ಕೆ ಈಗ 1,380 ಕೋಟಿ ವರ್ಷ ವಯಸ್ಸು. ಹುಟ್ಟಿದ ದಿನದಿಂದ ಇವತ್ತಿನವರೆಗಿನ ವಿಶ್ವದ ಆಯಸ್ಸನ್ನು 1,600 ಸಲ ಬಾಳಿದರೆ ಒಬ್ಬ ಕರ್ಕ್‌ನ ಎಣಿಕೆ ಮುಗಿಯುತ್ತದೆ. ಸ್ಪಾಕ್ ಸರದಿಯಲ್ಲಿ ಕಾಯುತ್ತಿರುತ್ತಾನೆ. ಪರದೆಯ ಮೇಲೆ ಇಡೀ ಕೆಲಸಕ್ಕೆ ಹಿಡಿಯುತ್ತಿದ್ದದ್ದು ಕೆಲವೇ ಸೆಕೆಂಡು.

ನೌಕೆಯ ಇಂಧನದ ಲೆಕ್ಕ ಇನ್ನೊಂದು ಬಗೆಯದು. ಅದು ಓಡುವುದು ವಸ್ತು ಮತ್ತು ಪ್ರತಿವಸ್ತು ಒಂದನ್ನೊಂದು ಮುಟ್ಟಿ ಪೂರ್ತಿ ಶಕ್ತಿಯಾಗಿ ಹೋಗುವುದರಿಂದ. ಇದು ಕಲ್ಪನೆಯಲ್ಲ, ಭೌತಶಾಸ್ತ್ರಕ್ಕೆ ಚೆನ್ನಾಗಿ ಗೊತ್ತಿರುವ ಸಂಗತಿ. ಒಂದು ಗ್ರಾಂ ಪ್ರತಿವಸ್ತು ಒಂದು ಗ್ರಾಂ ಮಾಮೂಲಿ ವಸ್ತುವಿಗೆ ತಾಗಿದರೆ ಹೊರಡುವ ಶಕ್ತಿ ಹಿರೋಶಿಮಾ ಬಾಂಬಿನ ಹೆಚ್ಚುಕಡಿಮೆ ಮೂರು ಪಟ್ಟು. ಜಿನೀವಾದ ಸರ್ನ್ ಪ್ರಯೋಗಾಲಯದಲ್ಲಿ ಇಷ್ಟು ದಶಕಗಳಲ್ಲಿ ತಯಾರಾದ ಪ್ರತಿಪ್ರೋಟಾನುಗಳನ್ನೆಲ್ಲ ಒಟ್ಟುಗೂಡಿಸಿದರೆ ಒಂದು ನ್ಯಾನೋಗ್ರಾಮಿನ ಆಸುಪಾಸು; ಗ್ರಾಮಿನ ನೂರು ಕೋಟಿಯಲ್ಲೊಂದು ಪಾಲು. ಅದಷ್ಟನ್ನೂ ಒಮ್ಮೆಗೇ ಸುಟ್ಟರೆ ಅರ್ಧ ಲೀಟರ್ ನೀರು ಕುದಿಯುತ್ತದೆ, ಎರಡು ಮೂರು ಲೋಟ ಕಾಫಿಗೆ ಸಾಕು.

ಇನ್ನು ನನ್ನನ್ನು ಬಹಳ ದಿನ ಕಾಡಿದ ಲೆಕ್ಕಕ್ಕೆ ಬರುತ್ತೇನೆ. ಪ್ರತಿ ಕಂತಿನ ಆರಂಭದಲ್ಲಿ ಕರ್ಕ್ ಹೇಳುವಂತೆ ನೌಕೆಯ ಪಯಣ ಐದು ವರ್ಷದ್ದು. ಐದು ವರ್ಷವೂ ಎಲ್ಲೂ ನಿಲ್ಲದೆ, ಒಂದೇ ನೇರದಲ್ಲಿ, ವಾರ್ಪ್ 6ರಲ್ಲಿ ಓಡಿದರೆ 1,080 ಜ್ಯೋತಿರ್ವರ್ಷ ಹೋಗಬಹುದು. ನಮ್ಮ ಆಕಾಶಗಂಗೆಯ ಅಡ್ಡಗಲ ಸುಮಾರು ಒಂದು ಲಕ್ಷ ಜ್ಯೋತಿರ್ವರ್ಷ. ಎಂದರೆ ಶೇಕಡಾ ಒಂದು! ಬೆಳಕಿನ 216 ಪಟ್ಟು ವೇಗದ ನೌಕೆಯಲ್ಲಿ ಕೂತು ಐದು ವರ್ಷ ಉಸಿರು ಬಿಗಿಹಿಡಿದು ಓಡಿದರೂ ನಮ್ಮದೇ ನಕ್ಷತ್ರಲೋಕದ ನೂರರಲ್ಲಿ ಒಂದು ಪಾಲು ದಾಟಿದಂತಾಯಿತು. ವಾರ್ಪ್ 8ಕ್ಕೆ ಏರಿಸಿದರೂ ಈ ಅಂಚಿನಿಂದ ಆ ಅಂಚಿಗೆ 195 ವರ್ಷ. ಹೊರಟವರ ಮರಿಮಕ್ಕಳ ಮಕ್ಕಳು ದಡ ಸೇರಬೇಕು.

ಅದೂ ಬರೀ ದಾಟುವ ಮಾತು. ನೋಡುತ್ತಾ ಹೋಗುವುದಾದರೆ? ಆಕಾಶಗಂಗೆಯಲ್ಲಿ ಕಡಿಮೆಯೆಂದರೂ 10,000 ಕೋಟಿ ನಕ್ಷತ್ರಗಳಿವೆ. 40,000 ಕೋಟಿ ಎನ್ನುವವರೂ ಇದ್ದಾರೆ. ಕಡಿಮೆಯದನ್ನೇ ಇಟ್ಟುಕೊಂಡು, ವಾರಕ್ಕೊಂದು ನಕ್ಷತ್ರಕ್ಕೆ ಒಂದು ಕಂತು ಮಾಡಿದರೆ ಧಾರಾವಾಹಿ 191 ಕೋಟಿ ವರ್ಷ ನಡೆಯಬೇಕು. ಇಂದಿಗೆ ಅಷ್ಟು ವರ್ಷ ಹಿಂದೆ ಭೂಮಿಯ ಮೇಲೆ ಮೀನಿಲ್ಲ, ಗಿಡವಿಲ್ಲ, ಹುಲ್ಲಿಲ್ಲ, ಸೂಕ್ಷ್ಮಜೀವಿಗಳದೇ ರಾಜ್ಯ. ಪುರಾಣದ ಲೆಕ್ಕದಲ್ಲಿ ಬ್ರಹ್ಮನ ಒಂದು ಹಗಲು 432 ಕೋಟಿ ವರ್ಷ. ಧಾರಾವಾಹಿ ಮುಗಿಯುವ ಹೊತ್ತಿಗೆ ಅವನಿಗೆ ಇನ್ನೂ ಮಧ್ಯಾಹ್ನವಾಗಿರುವುದಿಲ್ಲ. 79 ಕಂತು ಮಾಡಿ ನಿಲ್ಲಿಸಿದವರು ಆ ಪಟ್ಟಿಯ ತುದಿಯನ್ನೂ ಮುಟ್ಟಿರಲಿಲ್ಲ.

ಇದರಿಂದ ಧಾರಾವಾಹಿ ಚಿಕ್ಕದಾಯಿತು ಎಂದು ನನಗೆ ಅನ್ನಿಸುವುದಿಲ್ಲ. ಅವರು ಧೈರ್ಯ ಮಾಡಿದ್ದು ಎಂಥ ಕಾಲದಲ್ಲಿ ಎಂಬುದನ್ನು ನೆನೆಯಬೇಕು. 1966ರಲ್ಲಿ ಸೂರ್ಯನನ್ನು ಬಿಟ್ಟು ಬೇರೆ ನಕ್ಷತ್ರದ ಸುತ್ತ ಇದೆ ಎಂದು ಖಚಿತವಾಗಿ ಗೊತ್ತಿದ್ದ ಗ್ರಹಗಳ ಸಂಖ್ಯೆ ಸೊನ್ನೆ. ಒಂದೂ ಇಲ್ಲ. ಹೊರಲೋಕದಲ್ಲಿ ಎಷ್ಟು ನಾಗರಿಕತೆಗಳಿರಬಹುದು ಎಂದು ಅಂದಾಜಿಸಲು ಫ್ರಾಂಕ್ ಡ್ರೇಕ್ 1961ರಲ್ಲಿ ಒಂದು ಸಮೀಕರಣ ಕೊಟ್ಟಿದ್ದರು. ಧಾರಾವಾಹಿಯ ಪ್ರಸ್ತಾವನೆಯಲ್ಲಿ ಅದನ್ನು ಸೇರಿಸಲು ಹೊರಟ ರಾಡನ್‌ಬೆರಿಗೆ ಮೂಲ ಸಮೀಕರಣ ಕೈಗೆ ಸಿಗಲಿಲ್ಲ. ನೋಡಲು ಹಾಗೇ ಇರುವ ಇನ್ನೊಂದನ್ನು ತಾವೇ ಬರೆದು ಹಾಕಿದರು. ಅಕ್ಷರಗಳು ತಪ್ಪು, ನಂಬಿಕೆ ಸರಿ. ಸೂರ್ಯನಂಥ ನಕ್ಷತ್ರವೊಂದರ ಸುತ್ತ ಮೊದಲ ಗ್ರಹ ಸಿಕ್ಕಿದ್ದು 1995ರಲ್ಲಿ. 2025ರಲ್ಲಿ ಆ ಎಣಿಕೆ 6,000 ದಾಟಿತು. ವಾರಕ್ಕೊಂದರಂತೆ ಭೇಟಿ ಕೊಟ್ಟರೆ ಈಗ ಗೊತ್ತಿರುವ ಗ್ರಹಗಳಿಗೇ 115 ವರ್ಷ ಬೇಕು.

ಸ್ಪಾಕ್‌ನ ಊರಾದ ವಲ್ಕನ್ ಗ್ರಹ ಯಾವ ನಕ್ಷತ್ರದ ಸುತ್ತ ಇದೆ ಎಂದು 1991ರಲ್ಲಿ ರಾಡನ್‌ಬೆರಿ ಮೂವರು ಖಗೋಳ ವಿಜ್ಞಾನಿಗಳ ಜತೆ ಸೇರಿ ‘ಸ್ಕೈ ಅಂಡ್ ಟೆಲಿಸ್ಕೋಪ್’ ಪತ್ರಿಕೆಗೆ ಪತ್ರ ಬರೆದರು. ಅವರು ಆರಿಸಿದ್ದು 40 ಎರಿಡಾನಿ. ಸುಮಾರು 400 ಕೋಟಿ ವರ್ಷ ವಯಸ್ಸಿನ ನಕ್ಷತ್ರ, ಬುದ್ಧಿಜೀವಿಗಳು ವಿಕಾಸವಾಗಲು ಸಾಕಷ್ಟು ಸಮಯ ಸಿಕ್ಕಿದೆ ಎಂಬುದು ಅವರ ವಾದ. ಮಾಗಿಯ ಚಳಿಯ ರಾತ್ರಿ ಊರ ದೀಪಗಳಿಂದ ದೂರ ಹೋಗಿ ಮಹಾವ್ಯಾಧ ನಕ್ಷತ್ರಪುಂಜದ ಪಶ್ಚಿಮಕ್ಕೆ ಹುಡುಕಿದರೆ ಅದು ಬರಿಗಣ್ಣಿಗೇ ಮಸುಕಾಗಿ ಕಾಣುತ್ತದೆ. ದೂರ 16.3 ಜ್ಯೋತಿರ್ವರ್ಷ. ಅಂದರೆ 1966ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಟಿ.ವಿ. ಗೋಪುರಗಳಿಂದ ಹೊರಟ ಮೊದಲ ಕಂತಿನ ಅಲೆಗಳು ಅಲ್ಲಿಗೆ ಮುಟ್ಟಿದ್ದು 1983ರ ಹೊಸವರ್ಷದ ಆಸುಪಾಸಿನಲ್ಲಿ. ಭೂಮಿಯ ಮೇಲೆಯೇ ಇದ್ದ ನಮ್ಮ ಮನೆಗಳಿಗೂ ಸ್ಪಾಕ್‌ನ ಊರಿಗೂ ಸ್ಟಾರ್ ಟ್ರೆಕ್ ಒಂದೇ ದಶಕದಲ್ಲಿ ಬಂತು! 2018ರಲ್ಲಿ ಅಲ್ಲಿ ಗ್ರಹವೊಂದು ಸಿಕ್ಕಿತು ಎಂಬ ಸುದ್ದಿ ಬಂದಾಗ ನಾನು ಕುಣಿದಾಡಿದ್ದೆ. 2024ರಲ್ಲಿ ಇನ್ನೂ ಸೂಕ್ಷ್ಮವಾಗಿ ಅಳೆದವರು, ಅದು ಗ್ರಹವಲ್ಲ, ನಕ್ಷತ್ರದ ಮೇಲ್ಮೈಯ ಚಟುವಟಿಕೆಯೇ ಹಾಗೆ ತೋರಿದ್ದು ಎಂದರು. ಬೇಸರವಾಯಿತು. ಸ್ಪಾಕ್ ಇದ್ದಿದ್ದರೆ ಪುರಾವೆಯ ಪಕ್ಷವನ್ನೇ ಹಿಡಿಯುತ್ತಿದ್ದ.

ಆ ಅಲೆಗಳು ಹೊರಟು ಈಗ ಅರುವತ್ತು ವರ್ಷದ ಹತ್ತಿರವಾಯಿತು. ಬಲ ತೀರ ಕುಂದಿದೆ, ನಮ್ಮ ಈಗಿನ ಉಪಕರಣಗಳಿಂದ ಅಷ್ಟು ದೂರದಲ್ಲಿ ಹಿಡಿಯಲಾಗದಷ್ಟು. ಆದರೂ ಹೋಗುತ್ತಲೇ ಇವೆ, ಎರಡು ಸಾವಿರಕ್ಕೂ ಹೆಚ್ಚು ನಕ್ಷತ್ರಗಳನ್ನು ಹಿಂದೆ ಹಾಕಿವೆ. 41 ಜ್ಯೋತಿರ್ವರ್ಷ ದೂರದ ಟ್ರಾಪಿಸ್ಟ್-1 ಅನ್ನು ದಾಟಿದ್ದು 2007ರ ಹೊತ್ತಿಗೆ. ಆ ಪುಟ್ಟ ನಕ್ಷತ್ರಕ್ಕೆ ಭೂಮಿಯ ಗಾತ್ರದ ಏಳು ಗ್ರಹಗಳಿವೆ ಎಂದು ನಮಗೆ ತಿಳಿದದ್ದು ಅದಾಗಿ ಹತ್ತು ವರ್ಷಕ್ಕೆ.

ಸಂಖ್ಯೆಗಳ ಮಾತು ಆಕಾಶದ್ದಷ್ಟೇ ಅಲ್ಲ. ಎರಡನೆಯ ವರ್ಷಕ್ಕೇ ಧಾರಾವಾಹಿ ನಿಲ್ಲುವ ಸೂಚನೆ ಸಿಕ್ಕಾಗ ಬ್ಜೋ ಟ್ರಿಂಬಲ್ ಮತ್ತು ಜಾನ್ ಟ್ರಿಂಬಲ್ ದಂಪತಿ ಪತ್ರ ಚಳವಳಿ ಕಟ್ಟಿದರು. ಕೈಯಲ್ಲಿ ಬರೆದು, ತಮ್ಮ ಹಣದಲ್ಲಿ ಅಂಚೆಚೀಟಿ ಅಂಟಿಸಿ ಜನ ಕಳಿಸಿದ ಪತ್ರಗಳು ಒಂದು ಲಕ್ಷ ಮೀರಿದವು. ಕ್ಯಾಲ್‌ಟೆಕ್ ವಿದ್ಯಾರ್ಥಿಗಳು ವಾಹಿನಿಯ ಕಚೇರಿಗೆ ಮೆರವಣಿಗೆ ಹೋದರು. 1968ರ ಮಾರ್ಚ್ 1ರಂದು ಒಂದು ಕಂತಿನ ಕೊನೆಯಲ್ಲಿ ಧಾರಾವಾಹಿ ಮುಂದುವರಿಯುತ್ತದೆ ಎಂದು ವಾಹಿನಿ ಪರದೆಯ ಮೇಲಿಂದಲೇ ಹೇಳಬೇಕಾಯಿತು. ಮೂರನೆಯ ವರ್ಷ ಶುಕ್ರವಾರ ರಾತ್ರಿ ಹತ್ತಕ್ಕೆ ತಳ್ಳಿದ್ದರಿಂದ ನೋಡುವವರು ಕಡಿಮೆಯಾಗಿ ಅದು ನಿಂತದ್ದು ಬೇರೆ ಮಾತು. ಮುಂದೆ 1976ರಲ್ಲಿ ನಾಸಾ ತನ್ನ ಮೊದಲ ಸ್ಪೇಸ್ ಷಟಲ್‌ಗೆ ‘ಕಾನ್‌ಸ್ಟಿಟ್ಯೂಷನ್’ ಎಂದು ಹೆಸರಿಡಲು ಹೊರಟಾಗ ಮತ್ತೆ ಪತ್ರಗಳು ಹರಿದವು, ಅಧ್ಯಕ್ಷ ಫೋರ್ಡ್ ಅವರಿಗೇ. ಹೆಸರು ‘ಎಂಟರ್‌ಪ್ರೈಸ್’ ಆಯಿತು.

ಆ 430 ಜನರ ನೌಕೆಯಲ್ಲಿ ಸಂಪರ್ಕಾಧಿಕಾರಿ ಉಹುರಾ ಆಫ್ರಿಕದ ಮೂಲದವಳು. ಪಾತ್ರ ಮಾಡಿದವರು ನಿಶೆಲ್ ನಿಕೋಲ್ಸ್. ಮೊದಲ ವರ್ಷ ಮುಗಿದಾಗ ಅವರು ಬಿಡಬೇಕೆಂದಿದ್ದರು. ಬಿಡಬೇಡಿ, ಆ ಜಾಗದಲ್ಲಿ ನಿಮ್ಮನ್ನು ದೇಶ ನೋಡುತ್ತಿದೆ ಎಂಬರ್ಥದಲ್ಲಿ ಒತ್ತಾಯಿಸಿ ಉಳಿಸಿದವರು ಮಾರ್ಟಿನ್ ಲೂಥರ್ ಕಿಂಗ್ ಎಂದು ನಿಕೋಲ್ಸ್ ಅನೇಕ ಕಡೆ ಹೇಳಿಕೊಂಡಿದ್ದಾರೆ. 1977ರಲ್ಲಿ ನಾಸಾ ಗಗನಯಾತ್ರಿಗಳ ಹುದ್ದೆಗೆ ಮಹಿಳೆಯರು, ಕಪ್ಪು ಜನ ಅರ್ಜಿ ಹಾಕಬೇಕೆಂದು ಅವರನ್ನೇ ಊರೂರಿಗೆ ಕಳಿಸಿ ಪ್ರಚಾರ ಮಾಡಿಸಿತು. ಬಂದ ಅರ್ಜಿ ಎಂಟು ಸಾವಿರಕ್ಕೂ ಹೆಚ್ಚು. ಆಯ್ಕೆಯಾದವರು 35. ಅವರಲ್ಲಿ ಆರು ಮಹಿಳೆಯರು. ನಾಸಾದ ಗಗನಯಾತ್ರಿಗಳ ಪಟ್ಟಿಗೆ ಮಹಿಳೆಯರು ಸೇರಿದ್ದು ಅದೇ ಮೊದಲು.

ಮೇ ಜೆಮಿಸನ್ ಚಿಕ್ಕಂದಿನಲ್ಲಿ ಉಹುರಾಳನ್ನು ನೋಡಿ ಬೆಳೆದ ಹುಡುಗಿ. ವೈದ್ಯೆಯಾದರು, 1992ರ ಸೆಪ್ಟೆಂಬರ್ 12ರಂದು ‘ಎಂಡೆವರ್’ ಷಟಲ್ ಹತ್ತಿ ಬಾಹ್ಯಾಕಾಶಕ್ಕೆ ಹೋದ ಮೊದಲ ಆಫ್ರಿಕನ್ ಅಮೆರಿಕನ್ ಮಹಿಳೆಯಾದರು. ಎಂಟು ದಿನಕ್ಕೆ ಸ್ವಲ್ಪ ಕಡಿಮೆ, ಭೂಮಿಗೆ 127 ಸುತ್ತು, ಒಟ್ಟು ಸುಮಾರು 53 ಲಕ್ಷ ಕಿ.ಮೀ. ಬೆಳಕಿಗೆ ಅದು 18 ಸೆಕೆಂಡಿನ ದಾರಿ. ಆ ದಾರಿಯಲ್ಲಿ ಪ್ರತಿ ಪಾಳಿ ಶುರು ಮಾಡುವಾಗ ಅವರು ನೆಲದ ಕೇಂದ್ರಕ್ಕೆ ಹೇಳುತ್ತಿದ್ದದ್ದು, ಸಂಪರ್ಕ ತೆರೆದಿದೆ ಎನ್ನುವ ಉಹುರಾಳ ಮಾತನ್ನೇ. ಮರುವರ್ಷ ಸ್ಟಾರ್ ಟ್ರೆಕ್‌ನ ಎರಡನೆಯ ತಲೆಮಾರಿನ ಧಾರಾವಾಹಿಯ ಒಂದು ಕಂತಿನಲ್ಲಿ ಟ್ರಾನ್ಸ್‌ಪೋರ್ಟರ್ ನಡೆಸುವ ಅಧಿಕಾರಿಯಾಗಿ ಅವರೇ ಕಾಣಿಸಿಕೊಂಡರು. ಬಾಹ್ಯಾಕಾಶಕ್ಕೆ ನಿಜವಾಗಿ ಹೋಗಿಬಂದವರೊಬ್ಬರು ಸ್ಟಾರ್ ಟ್ರೆಕ್‌ನಲ್ಲಿ ಪಾತ್ರ ಮಾಡಿದ್ದು ಅದೇ ಮೊದಲು.